ನಾಳೆಯ ಪ್ಯಾಂಟು

ಮನುಷ್ಯನ ಆತ್ಮ ಯಾವ ದಾರಿಯಿಂದ ಮೇಲೇಳುತ್ತದೆ ಎಂಬುದನ್ನು ದೊಡ್ಡವರು ಬೇರೆ ಬೇರೆ ರೀತಿಯಲ್ಲಿ ವಿವರಿಸಿದ್ದಾರೆ. ಪ್ಯಾಂಟಿನ ಸೊಂಟದ ಮೂಲಕವೂ ಮೇಲೇಳಬಹುದು ಎಂದು ಮೊದಲು ತೋರಿಸಿಕೊಟ್ಟವರು ನಮ್ಮ ಟೈಲರ್ ಮಾಸ್ಟರು. ಹಾಗೆ ತೋರಿಸಿಕೊಡಬೇಕು ಎಂದೇನೂ ಅವರು ಹೊರಟಿರಲಿಲ್ಲ. ಅವರು ಹೊರಟಿದ್ದು ಶಾಲೆಯ ಪ್ರಿನ್ಸಿಪಾಲರ ಬೈಗುಳದಿಂದ ತಪ್ಪಿಸಿಕೊಳ್ಳಲು ಮಾತ್ರ.

ಮಾಸ್ಟರ ಅಂಗಡಿ ಅವರ ತಂದೆಯ ಕಾಲದ್ದು. ಅಗಲ ಎಷ್ಟೆಂದರೆ ಹೊಲಿಗೆ ಯಂತ್ರದ ಮುಂದೆ ಕೂತು ಮೈಮುರಿದರೆ ಎರಡು ಕೈಯೂ ಎರಡು ಗೋಡೆಗೆ ತಾಗುತ್ತಿದ್ದವು. ಮುಂದೆ ಯಂತ್ರ, ನಡುವೆ ಕಟಿಂಗ್ ಟೇಬಲ್, ಮೂಲೆಯಲ್ಲಿ ಬಟ್ಟೆ ಹಾಕಿ ನೋಡಲು ಅರ್ಧ ಬಾಗಿಲಿನ ಒಂದು ಗೂಡು, ಹಿಂದೆ ಒಂದು ಪರದೆ. ಪರದೆಯ ಆಚೆ ಮಾಸ್ಟರ ಹೆಂಡತಿ ಕೂತು ಕಾಜಾ ಹಾಕುತ್ತಿದ್ದಳು, ಗುಂಡಿ ಹಚ್ಚುತ್ತಿದ್ದಳು, ಇಸ್ತ್ರಿ ಮಾಡುತ್ತಿದ್ದಳು. ಗಿರಾಕಿಗಳಿಗೆ ಕಾಣುತ್ತಿದ್ದುದು ಮಾಸ್ಟರು. ಆಕೆ ಇರುವುದು ಗೊತ್ತಾಗುತ್ತಿದ್ದುದು ಆಗಾಗ ಕೇಳುವ ಕೆಮ್ಮಿನಿಂದ.

ಅದೇ ಬೀದಿಯ ತಿರುವಿನಲ್ಲಿ ಭಾವನ ರೆಡಿಮೇಡ್ ಅಂಗಡಿ. ಭಾವ ಎಂದರೆ ಹೆಂಡತಿಯ ಅಣ್ಣ. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ, ಮೇಲಿನ ಮಹಡಿಗೆ ಹೊಳೆಯುವ ಮೆಟ್ಟಿಲು. ಆ ಮೆಟ್ಟಿಲ ಕೆಳಗೆ ಒಂದು ತ್ರಿಕೋನಾಕಾರದ ಜಾಗ ಖಾಲಿ ಇತ್ತು, ಮತ್ತು ಅದನ್ನು ನೋಡಿದಾಗಲೆಲ್ಲ ಭಾವನಿಗೆ ಮಾಸ್ಟರ ನೆನಪಾಗುತ್ತಿತ್ತು.

"ಮಾಸ್ಟ್ರೇ, ನಿಮ್ಮ ಅಂಗಡಿಗೆ ನೊಣ ಬರೋದೂ ನಿಂತು ಹೋಗಿದೆ," ಎನ್ನುತ್ತಿದ್ದ ಭಾವ. "ನಮ್ಮ ಮೆಟ್ಟಿಲ ಕೆಳಗೆ ಬಂದು ಕೂತ್ಕೊಳ್ಳಿ. ಫ್ಯಾನ್ ಹಾಕಿಸ್ತೀನಿ. ಪ್ಯಾಂಟು ಉದ್ದ ಇದ್ರೆ ಮಡಚಿ ಹೊಲಿದು ಕೊಡೋದು, ಅಷ್ಟೇ ಕೆಲಸ. ಅಳತೆ ಇಲ್ಲ, ಕಟಿಂಗ್ ಇಲ್ಲ. ಒಂದು ತಲೆನೋವೂ ಇಲ್ಲ."

ಮಾಸ್ಟರು ಒಮ್ಮೆ ಹೋಗಿ ಕೂತು ನೋಡಿ ಬಂದಿದ್ದರು. ಎದ್ದು ನಿಂತ ಕೂಡಲೇ ಮೆಟ್ಟಿಲು ನೆತ್ತಿಗೆ ಬಡಿದು, ತಲೆನೋವಿನ ವಿಷಯದಲ್ಲಿ ಭಾವ ಹೇಳಿದ್ದು ಸುಳ್ಳೆಂದು ಖಾತ್ರಿಯಾಯಿತು. ಅಪ್ಪನ ಅಂಗಡಿ ಮುಚ್ಚಿ, ಇನ್ನೊಬ್ಬರು ಎಲ್ಲೋ ಕತ್ತರಿಸಿದ ಪ್ಯಾಂಟುಗಳ ಕಾಲು ಮಡಚುತ್ತ ಉಳಿದ ಆಯಸ್ಸು ಕಳೆಯುವುದು ಅವರಿಗೆ ಸಾಯುವಷ್ಟು ಸಂಕಟದ ವಿಷಯವಾಗಿತ್ತು. ಆದರೆ ಹಾಗೆಂದು ಭಾವನ ಮುಖಕ್ಕೆ ಹೇಳುವ ಧೈರ್ಯವಿರಲಿಲ್ಲ. "ನೋಡೋಣ ಭಾವ" ಎನ್ನುತ್ತಿದ್ದರು. ನೋಡಿ ಬಂದ ಮೇಲೂ ಅದನ್ನೇ ಎನ್ನುತ್ತಿದ್ದರು.

ಒಂದು ಭಾನುವಾರ ಭಾವ ಅವರನ್ನು ಸಕಾರಾತ್ಮಕ ಚಿಂತನೆಯ ಶಿಬಿರಕ್ಕೆ ಎಳೆದುಕೊಂಡು ಹೋದ. ಮೆಟ್ಟಿಲ ಕೆಳಗಿನ ಜಾಗದ ಬಗ್ಗೆ ಮಾಸ್ಟರಲ್ಲಿ ಸಕಾರಾತ್ಮಕ ಭಾವನೆ ಮೂಡಲಿ ಎಂಬುದು ಅವನ ಆಸೆ. ಶಿಬಿರದ ಗುರುಗಳು ಬಿಳಿ ಬಟ್ಟೆ ಧರಿಸಿ, ಕಿವಿಗೆ ಮೈಕು ಸಿಕ್ಕಿಸಿಕೊಂಡು ಬಹಳ ಹೊತ್ತು ಮಾತಾಡಿದರು. ವಾರವೆಲ್ಲ ದುಡಿದು ಬಂದಿದ್ದ ಮಾಸ್ಟರು ಮೆತ್ತನೆ ಕುರ್ಚಿ ಸಿಕ್ಕಿದ ಕೂಡಲೇ ನಿದ್ದೆ ಹೋದರು. ಭಾವ ಮೊಣಕೈಯಿಂದ ತಿವಿದಾಗ ಎಚ್ಚರವಾಗಿ, ಒಂದೇ ಒಂದು ವಾಕ್ಯ ಕೇಳಿಸಿಕೊಂಡು, ಮತ್ತೆ ಮಲಗಿದರು. ಆ ವಾಕ್ಯ ಹೀಗಿತ್ತು: "ಇರುವಂತೆ ನೋಡಬೇಡಿ, ಆಗಲಿರುವಂತೆ ನೋಡಿ."

ಮನೆಗೆ ಹೋಗುವಾಗ ಭಾವ ಒಂದು ಹೊಸ ಅಳತೆ ಟೇಪು ಕಾಣಿಕೆ ಕೊಟ್ಟ. ಅದರ ಮೇಲೆ ಅವನ ಅಂಗಡಿಯ ಹೆಸರು ಕೆಂಪಕ್ಷರದಲ್ಲಿತ್ತು. ಅದನ್ನು ಕೊರಳಿಗೆ ಹಾಕಿಕೊಳ್ಳಲು ಮಾಸ್ಟರಿಗೆ ಮನಸ್ಸು ಒಪ್ಪಲಿಲ್ಲ. ಅಲ್ಲಿ ಅಪ್ಪನ ಹಳೆಯ ಬಟ್ಟೆ ಟೇಪು ಇತ್ತು. ಬಿಸಾಡಿದರೆ ಭಾವ ಕೇಳುತ್ತಾನೆ. ಆದ್ದರಿಂದ ಹೊಸ ಟೇಪನ್ನು ಕಟಿಂಗ್ ಟೇಬಲ್ಲಿನ ಅಂಚಿಗೆ ಉದ್ದಕ್ಕೆ ಮೊಳೆ ಹೊಡೆದು ಕೂರಿಸಿದರು. ಮರುದಿನದಿಂದ ಅಳತೆ ತೆಗೆಯುವುದು ಕೊರಳ ಟೇಪಿನಲ್ಲಿ, ಬಟ್ಟೆ ಕತ್ತರಿಸುವುದು ಟೇಬಲ್ಲಿನ ಟೇಪಿನಲ್ಲಿ ಎಂದಾಯಿತು.

ಇಲ್ಲಿ ಓದುಗರಿಗೆ ಒಂದು ಗುಟ್ಟು ಹೇಳಿಬಿಡಬೇಕು. ಇದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಮಾಸ್ಟರಿಗೂ ಗೊತ್ತಿರಲಿಲ್ಲ. ಅಪ್ಪನ ಟೇಪು ಎರಡು ತಲೆಮಾರಿನ ಬೆವರು ಕುಡಿದು, ಊರಿನ ದೊಡ್ಡ ಹೊಟ್ಟೆಗಳನ್ನೆಲ್ಲ ಸುತ್ತಿ ಬಂದು, ಎಳೆಸಿಕೊಂಡು ಎಳೆಸಿಕೊಂಡು ಹಿಗ್ಗಿಹೋಗಿತ್ತು. ಅದರ ಒಂದು ಇಂಚು ಲೋಕದ ಒಂದು ಇಂಚಿಗಿಂತ ಉದಾರವಾಗಿತ್ತು. ಅಳತೆಯೂ ಅದರಲ್ಲೇ, ಕಟಿಂಗೂ ಅದರಲ್ಲೇ ಇದ್ದಷ್ಟು ಕಾಲ ತೊಂದರೆಯಾಗಿರಲಿಲ್ಲ. ಎರಡೂ ಕಡೆ ಒಂದೇ ತಪ್ಪು ಇದ್ದರೆ ಪ್ಯಾಂಟು ಸರಿಯಾಗಿಯೇ ಕೂರುತ್ತದೆ. ಈಗ ಹಳೆ ಟೇಪು ದೊಡ್ಡ ಹೊಟ್ಟೆಯನ್ನು ಸಣ್ಣದೆಂದು ಹೇಳುತ್ತಿತ್ತು, ಹೊಸ ಟೇಪು ಅದನ್ನು ನಂಬಿ ಕತ್ತರಿಸುತ್ತಿತ್ತು.

ಮೊದಲು ಸಿಕ್ಕಿಬಿದ್ದವರು ಪ್ರಿನ್ಸಿಪಾಲರು. ಗೂಡಿನ ಒಳಗಿಂದ ಬಹಳ ಹೊತ್ತು ಏದುಸಿರು ಕೇಳಿಸಿತು. ಆಮೇಲೆ ಅರ್ಧ ಬಾಗಿಲು ಧಡಾರನೆ ತೆರೆಯಿತು.

"ಮಾಸ್ಟ್ರೇ, ಇದು ಯಾರ ಪ್ಯಾಂಟು?"

"ನಿಮ್ದೇ ಸಾರ್."

"ನಂದಾ? ಗುಂಡಿ ಈ ಊರಲ್ಲಿದೆ, ಕಾಜಾ ಪಕ್ಕದ ಊರಲ್ಲಿದೆ! ಇವೆರಡನ್ನ ಸೇರಿಸೋಕೆ ನಾನೇನು ಬಸ್ಸು ಬಿಡ್ಲಾ?"

ಪ್ರಿನ್ಸಿಪಾಲರದು ಶಾಲೆಯ ಮೈದಾನದ ಆ ತುದಿಗೆ ಕೇಳಿಸಲೆಂದು ಬೆಳೆದ ಗಂಟಲು. ಪಕ್ಕದ ಕ್ಷೌರದಂಗಡಿಯವನು ಕತ್ತಿ ಹಿಡಿದುಕೊಂಡೇ ಹೊರಬಂದ. ಅವನ ಹಿಂದೆ ಅರ್ಧ ಮುಖಕ್ಕೆ ನೊರೆ ಇದ್ದ ಗಿರಾಕಿಯೂ ಬಂದ. ಇಷ್ಟೇ ಆಗಿದ್ದರೆ ಮಾಸ್ಟರು ಕೈಮುಗಿದು ತಪ್ಪೊಪ್ಪಿಕೊಳ್ಳುತ್ತಿದ್ದರು. ಆದರೆ ಬೀದಿಯ ಆ ಕಡೆಯಿಂದ ಭಾವ ಬರುವುದು ಕಂಡಿತು. "ತಪ್ಪಾಯ್ತು" ಎಂಬ ಮಾತು ಭಾವನ ಕಿವಿಗೆ ಬಿದ್ದರೆ ಸಂಜೆಯೊಳಗೆ ಹೊಲಿಗೆ ಯಂತ್ರ ಮೆಟ್ಟಿಲ ಕೆಳಗಿರುತ್ತದೆ. ಮಾಸ್ಟರ ಬಾಯಿಂದ ಭಾನುವಾರದ ಆ ಒಂದು ವಾಕ್ಯ ತಾನಾಗಿ ಹೊರಬಿತ್ತು.

"ಸಾರ್, ನಾನು ನಿಮ್ಮನ್ನ ಇರೋ ಹಾಗೆ ನೋಡ್ಲಿಲ್ಲ. ಆಗೋ ಹಾಗೆ ನೋಡ್ದೆ."

"ಅಂದ್ರೆ?"

"ಇದು ಇವತ್ತಿನ ನಿಮ್ಮ ಪ್ಯಾಂಟಲ್ಲ ಸಾರ್. ನಾಳೆಯ ನಿಮ್ಮ ಪ್ಯಾಂಟು."

ಪ್ರಿನ್ಸಿಪಾಲರು ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ನಿಂತೇ ಇದ್ದರು. ಕ್ಷೌರದವನು ಕತ್ತಿ ಕೆಳಗಿಳಿಸಿದ. ಭಾವ ಬಾಗಿಲಲ್ಲಿ ನಿಂತು ಹುಬ್ಬೇರಿಸಿದ.

"ಮಾಸ್ಟ್ರೇ," ಎಂದರು ಪ್ರಿನ್ಸಿಪಾಲರು. ಗಂಟಲು ಮೈದಾನದಿಂದ ತರಗತಿಯ ಮಟ್ಟಕ್ಕೆ ಇಳಿದಿತ್ತು. "ಇಷ್ಟು ವರ್ಷದಲ್ಲಿ ನನ್ನನ್ನ ಹಾಗೆ ನೋಡಿದೋರು ಒಬ್ಬರೂ ಇಲ್ಲ. ಮನೇಲೂ ಇಲ್ಲ."

"ವಾರ ಪೂರ್ತಿ ಬೆಳಿಗ್ಗೆ ಎದ್ದು ಇದನ್ನ ಹಾಕ್ಕೊಂಡು, 'ಆಗುತ್ತಿದೆ, ಆಗುತ್ತಿದೆ' ಅಂತ ಹೇಳ್ಕೊಳ್ಳಿ ಸಾರ್. ಆಮೇಲೆ ತಂದ್ಕೊಡಿ, ಇಸ್ತ್ರಿ ಮಾಡಿ ಕೊಡ್ತೀವಿ."

ಇಸ್ತ್ರಿಯ ಮಾತು ಬರೀ ಅಭ್ಯಾಸಬಲದಿಂದ ಬಂದದ್ದು. ಆದರೆ ಇಡೀ ಉಪದೇಶದಲ್ಲಿ ನಿಜವಾಗಿ ಕೆಲಸ ಮಾಡಿದ್ದು ಅದೊಂದೇ.

ವಾರದ ನಂತರ ಪ್ಯಾಂಟು ಪರದೆಯ ಹಿಂದೆ ಹೋದಾಗ ಮಾಸ್ಟರ ಹೆಂಡತಿ ಅದನ್ನು ತಿರುವಿ ನೋಡಿದಳು. ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುವುದು ಮಾಸ್ಟರ ಮನೆತನದ ಪದ್ಧತಿ. ಗಿರಾಕಿ ಮುಂದೆ ದಪ್ಪಗಾದರೆ ಬಿಚ್ಚಿ ಸಡಿಲ ಮಾಡಿಕೊಡಬಹುದು. ಗಂಡನ ಕೈ ಮೊದಲ ಬಾರಿಗೆ ತಪ್ಪಿದೆ ಎಂದು ಆಕೆಗೆ ಅರ್ಥವಾಯಿತು. ಯಾಕೆ ತಪ್ಪಿತು ಎಂದು ತಿಳಿಯಲಿಲ್ಲ, ವಯಸ್ಸು ಅಂದುಕೊಂಡಳು. ಹೇಳಿದರೆ ಮರುಮಾತಿಲ್ಲದೆ ಹೋಗಿ ಮೆಟ್ಟಿಲ ಕೆಳಗೆ ಕೂರುತ್ತಾರೆ ಎಂಬುದೂ ಆಕೆಗೆ ಗೊತ್ತಿತ್ತು. ಆದ್ದರಿಂದ ಒಂದು ಸಲ ಕೆಮ್ಮಿ, ಹಿಂದಿನ ಹೊಲಿಗೆ ಬಿಚ್ಚಿ, ಒಂದು ಬೆರಳು ಬಟ್ಟೆ ಹೊರಬಿಟ್ಟು, ಮತ್ತೆ ಹೊಲಿದು, ಗೆರೆ ಕಾಣದಂತೆ ಇಸ್ತ್ರಿ ಎಳೆದಳು.

ಪ್ರಿನ್ಸಿಪಾಲರು ಗೂಡಿನಿಂದ ಬೀದಿಗೇ ಓಡಿದರು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಆಯ್ತು! ನೋಡ್ರಯ್ಯಾ, ಗುಂಡಿ ಬಿತ್ತು! ನಾನು ಸಣ್ಣ ಆದೆ!"

ಕ್ಷೌರದವನು ಹಿಂದೆ ಬಂದು ನೋಡಿದ, ಮುಂದೆ ಬಂದು ನೋಡಿದ. "ಸಾರ್, ಹೊಟ್ಟೆ ಅಲ್ಲೇ ಇದ್ದ ಹಾಗಿದೆಯಲ್ಲ?"

"ನಿನ್ನ ಕಣ್ಣಿಗೆ ಹಾಗೆ ಕಾಣುತ್ತೆ. ನಕಾರಾತ್ಮಕ ಕಣ್ಣು ನಿಂದು."

ಕ್ಷೌರದವನು ಅಂಗಡಿಯೊಳಗೆ ಹೋಗಿ ಕನ್ನಡಿಯಲ್ಲಿ ತನ್ನ ಕಣ್ಣನ್ನು ಬಹಳ ಹೊತ್ತು ಪರೀಕ್ಷಿಸಿದ. ಮಾಸ್ಟರ ಸ್ಥಿತಿಯೂ ಹೆಚ್ಚುಕಡಿಮೆ ಅದೇ ಆಗಿತ್ತು. ಬಾಯಿಗೆ ಬಂದಂತೆ ಆಡಿದ ಮಾತು ನಿಜವಾಗುವುದನ್ನು ಕಣ್ಣಾರೆ ಕಂಡ ಮನುಷ್ಯ ಬೇರೆ ಏನು ತಾನೇ ಮಾಡಿಯಾನು? ನಂಬಿದರು. ತಮ್ಮ ಮಾತನ್ನು ತಾವೇ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದರು.

ಪ್ರಿನ್ಸಿಪಾಲರ ಗಂಟಲಿನಿಂದಾಗಿ ಸುದ್ದಿ ಹರಡಲು ತಡವಾಗಲಿಲ್ಲ. ನಾಲ್ಕು ರಸ್ತೆ ಕೂಡುವಲ್ಲಿ ನಿಲ್ಲುವ ಟ್ರಾಫಿಕ್ ಪೊಲೀಸು ನಾಳೆಯ ಅಂಗಿ ಹೊಲಿಸಿದ. ತೋಳು ಎಷ್ಟು ಬಿಗಿಯಾಗಿತ್ತೆಂದರೆ ಕೈ ಭುಜದ ಮೇಲಕ್ಕೆ ಏಳಲಿಲ್ಲ. ಆ ವಾರವೆಲ್ಲ ಅವನು ಬರೀ ಕಣ್ಣಿನಿಂದ ವಾಹನ ನಿಲ್ಲಿಸಿದ. ಕೆಲವು ನಿಂತವು, ನಿಲ್ಲದವು ಅವನನ್ನೇ ದಿಟ್ಟಿಸುತ್ತ ಎದುರಿನ ಕಂಬಕ್ಕೆ ಗುದ್ದಿ ನಿಂತವು. ಅಂತೂ ಎಲ್ಲವೂ ನಿಂತವಲ್ಲ ಎಂದು ಜನ ಅವನ ಆತ್ಮಬಲವನ್ನು ಹೊಗಳಿದರು. ನೋಂದಣಿ ಕಚೇರಿಯ ಸಾಹೇಬರು ನಾಳೆಯ ಪ್ಯಾಂಟು ಹಾಕಿಕೊಂಡು ಕುರ್ಚಿಯಲ್ಲಿ ಕೂರಲಾಗದೆ ವಾರವೆಲ್ಲ ನಿಂತೇ ರುಜು ಹಾಕಿದರು. 'ಜನರಿಗಾಗಿ ಎದ್ದು ನಿಂತ ಅಧಿಕಾರಿ' ಎಂದು ಪತ್ರಿಕೆಯಲ್ಲಿ ಅವರ ಚಿತ್ರ ಬಂತು. ಚಿತ್ರದಲ್ಲಿ ಅವರ ಮುಖದ ಮೇಲೆ ಕಾಣುವ ತೇಜಸ್ಸು ನಿಜಕ್ಕೂ ಉಸಿರು ಬಿಗಿಹಿಡಿದದ್ದರಿಂದ ಬಂದದ್ದು. ವಾರ ಕಳೆದು ಎಲ್ಲರೂ ಇಸ್ತ್ರಿಗೆ ತಂದರು, ಪರದೆಯ ಹಿಂದೆ ಒಂದು ಕೆಮ್ಮು, ಎಲ್ಲರಿಗೂ ಆಯಿತು.

ಮಾಸ್ಟರೂ ಬೆಳೆದರು. ಮೊದಲು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಗೊಣಗುತ್ತಿದ್ದವರು ಈಗ ಅಳತೆಗೆ ಮುಂಚೆ ಕಣ್ಣು ಮುಚ್ಚಿ ಮೌನವಾಗಿ ನಿಲ್ಲತೊಡಗಿದರು. ಆಮೇಲೆ ಮೆಲುದನಿಯಲ್ಲಿ, "ಉಸಿರು ಬಿಡಿ. ಪೂರ್ತಿ ಬಿಡಿ. ನಿನ್ನೆಯನ್ನೂ ಅದರ ಜೊತೆ ಬಿಟ್ಟುಬಿಡಿ," ಎನ್ನುತ್ತಿದ್ದರು. ಗಿರಾಕಿ ನಿನ್ನೆಯನ್ನೂ ಉಸಿರನ್ನೂ ಬಿಟ್ಟಾಗ ಹೊಟ್ಟೆ ಬೆನ್ನಿಗೆ ಅಂಟುತ್ತಿತ್ತು. ಆಗ ಟೇಪು ಸುತ್ತುತ್ತಿದ್ದರು. ಹಾಗಾಗಿ ಮೊದಲೇ ಚಿಕ್ಕದಾಗುತ್ತಿದ್ದ ಪ್ಯಾಂಟು ಇನ್ನಷ್ಟು ಚಿಕ್ಕದಾಯಿತು. ಒಂದು ಬೆರಳು ಬಿಡುತ್ತಿದ್ದ ಹೆಂಡತಿ ಎರಡೂ ಬೆರಳು ಬಿಡಬೇಕಾಯಿತು.

ಜೊತೆಗೆ ಇನ್ನೊಂದು ಕಷ್ಟ ಒಕ್ಕರಿಸಿತು. ತಾವು ಸಣ್ಣಗಾಗುತ್ತಿದ್ದೇವೆ ಎಂದು ಖಾತ್ರಿಯಾದವರೆಲ್ಲ ಧೈರ್ಯವಾಗಿ ತಿನ್ನತೊಡಗಿದರು. ಪ್ರಿನ್ಸಿಪಾಲರು ಮಧ್ಯಾಹ್ನದ ಚಹಾಕ್ಕೆ ಬಿಸ್ಕತ್ತು ಬಿಟ್ಟು ಕೇಕು ಹಿಡಿದರು. "ಸಣ್ಣ ಆಗೋ ಮನುಷ್ಯ ಯಾವುದಕ್ಕೂ ಹೆದರಬಾರದು" ಎಂದು ಸಹೋದ್ಯೋಗಿಗಳ ಪಾಲಿನದನ್ನೂ ತಿಂದರು. ಪ್ಯಾಂಟು ಮತ್ತೆ ಬಿಗಿಯಾಯಿತು, ಇಸ್ತ್ರಿಗೆ ಬಂದು ಉಳಿದೊಂದು ಬೆರಳನ್ನೂ ಬಿಡಿಸಿಕೊಂಡಿತು, ಮತ್ತೆ ಬಿಗಿಯಾಗಿ ವಾಪಸು ಬಂತು. ಹೆಂಡತಿ ತಿರುವಿ ನೋಡಿದರೆ ಒಳಗೆ ಹೊಲಿಗೆ ಹಿಡಿಯಲು ಬೇಕಾದ ಒಂದು ಎಳೆಯಷ್ಟು ಬಟ್ಟೆ ಬಿಟ್ಟು ಮತ್ತೇನೂ ಇರಲಿಲ್ಲ.

"ರೀ," ಎಂದಳು ಪರದೆಯ ಹಿಂದಿನಿಂದ. "ಇನ್ನು ಯಾರಿಗೂ ಇಸ್ತ್ರಿಗೆ ತನ್ನಿ ಅನ್ಬೇಡಿ."

"ಯಾಕೆ?"

"ಕೈ ನೋಯುತ್ತೆ."

"ನೋಯುತ್ತೆ ಅನ್ಬಾರ್ದು ಕಣೇ. ವಾಸಿ ಆಗುತ್ತಿದೆ ಅನ್ಬೇಕು."

ಆಕೆ ಇಸ್ತ್ರಿಪೆಟ್ಟಿಗೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟಳು.

ಇತ್ತ ಭಾವನ ನಿದ್ದೆ ಕೆಟ್ಟಿತ್ತು. ಶಿಬಿರಕ್ಕೆ ಕರೆದುಕೊಂಡು ಹೋದವನು ತಾನು, ಅಲ್ಲಿ ನಿದ್ದೆ ಮಾಡಿದವರು ಮಾಸ್ಟರು, ಫಲ ಮಾತ್ರ ಅವರಿಗೆ! ಅವನ ಗೋದಾಮಿನಲ್ಲಿ ಯಾರ ಮೈಗೂ ಹಿಡಿಸದ ಸಣ್ಣ ಸೈಜಿನ ಮಾಲು ರಾಶಿ ಬಿದ್ದಿತ್ತು. ಅದನ್ನೆಲ್ಲ ಹೊರತೆಗೆದು, 'ನಾಳೆಯ ಉಡುಪು, ಇಂದೇ ಕೊಳ್ಳಿ' ಎಂದು ಗಾಜಿನ ಮೇಲೆ ಬರೆಸಿ ಮಾರಿದ. ಮಾಲು ಬೇಗ ಹೋಯಿತು. ಹೋದಷ್ಟೇ ಬೇಗ ವಾಪಸು ಬಂತು. ರೆಡಿಮೇಡಿನ ಹೊಲಿಗೆಯೊಳಗೆ ಯಾರು ತಾನೇ ಬಟ್ಟೆ ಬಿಟ್ಟಿರುತ್ತಾರೆ?

"ಆಗುತ್ತಿದೆ, ಆಗುತ್ತಿದೆ ಅಂತ ವಾರವಿಡೀ ಹೇಳ್ದೆ," ಎಂದು ಒಬ್ಬ ಗಿರಾಕಿ ಕೌಂಟರಿನ ಮೇಲೆ ಪ್ಯಾಂಟು ಬಿಸಾಕಿದ. "ಕೊನೆಗೆ ಆಗಿದ್ದು ಇಷ್ಟೇ, ಜಿಪ್ಪು ಹರೀತು. ಅದೂ ಮಾವನ ಮನೆಯಲ್ಲಿ."

ಭಾವ ಗುರುಗಳ ಹತ್ತಿರ ಓಡಿದ. ಗುರುಗಳು ಕಣ್ಣು ಮುಚ್ಚಿ ಯೋಚಿಸಿ, "ನಿಮ್ಮ ಸಂಕಲ್ಪದಲ್ಲಿ ಕೊರತೆ ಇದೆ," ಎಂದರು. ಭಾವನಿಗೆ ಮೈಯೆಲ್ಲ ಉರಿಯಿತು. ಸಂಕಲ್ಪದಲ್ಲಿ ಇದುವರೆಗೆ ಯಾರೂ ಅವನಿಗೆ ಕೊರತೆ ಹೇಳಿರಲಿಲ್ಲ. ಅವನು ಸೀದಾ ಮಾಸ್ಟರ ಅಂಗಡಿಗೆ ಬಂದು, ಗಿರಾಕಿಗಳೆಲ್ಲ ಇರುವಾಗಲೇ ಹೇಳಿದ:

"ಮಾಸ್ಟ್ರೇ, ಈ ಭಾನುವಾರ ಶಿಬಿರದ ವೇದಿಕೆ ಮೇಲೆ ನಿಂತು ನಿಮ್ಮ ವಿದ್ಯೆ ಏನು ಅಂತ ಎಲ್ಲರಿಗೂ ಹೇಳ್ಬೇಕು. ಗುರುಗಳು ಒಪ್ಪಿದಾರೆ. ನಿಮ್ಮ ಹತ್ರ ಹೊಲಿಸಿದೋರೆಲ್ಲ ಅದೇ ಬಟ್ಟೆ ಹಾಕ್ಕೊಂಡು ಬರ್ಲಿ. ವಿದ್ಯೆ ನಿಜ ಆದ್ರೆ ನಾನು ಇನ್ನು ಮೆಟ್ಟಿಲ ಮಾತು ಎತ್ತೋದಿಲ್ಲ. ಸುಳ್ಳಾದ್ರೆ ಸೋಮವಾರ ಬೆಳಿಗ್ಗೆ ಈ ಅಂಗಡಿಗೆ ಬೀಗ, ನೀವು ಮೆಟ್ಟಿಲ ಕೆಳಗೆ. ಒಪ್ಪಿಗೆನಾ?"

"ಆಗುತ್ತಿದೆ ಭಾವ," ಎಂದರು ಮಾಸ್ಟರು ಶಾಂತವಾಗಿ ನಗುತ್ತ.

ಪರದೆಯ ಹಿಂದೆ ಕತ್ತರಿ ಕೆಳಗೆ ಬಿದ್ದ ಸದ್ದಾಯಿತು.

ಶನಿವಾರ ಸಂಜೆ ಗಿರಾಕಿಗಳು ಹೋದ ಮೇಲೆ ಆಕೆ ಪರದೆ ಸರಿಸಿ ಹೊರಬಂದಳು. ಕೈಯಲ್ಲಿ ಪ್ರಿನ್ಸಿಪಾಲರು ಬೆಳಿಗ್ಗೆ ಒಯ್ಯಬೇಕಿದ್ದ ಪ್ಯಾಂಟು ಇತ್ತು. ಮಾಸ್ಟರು ನಾಳೆಯ ಭಾಷಣಕ್ಕೆಂದು ಹೊಲಿದುಕೊಂಡ ತಮ್ಮ ಹೊಸ ಅಂಗಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ, ಅದರ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದರು.

"ರೀ, ಒಂದು ಮಾತು. ಸಿಟ್ಟು ಮಾಡ್ಕೋಬೇಡಿ."

"ನನಗೆ ಈಗ ಸಿಟ್ಟು ಬರೋದೇ ಇಲ್ಲ ಕಣೇ."

"ಯಾರೂ ಸಣ್ಣ ಆಗಿಲ್ಲ. ನಾನು ಇಸ್ತ್ರಿ ಮಾಡೋವಾಗ ಹೊಲಿಗೆ ಬಿಚ್ಚಿ ಸಡಿಲ ಮಾಡ್ತಿದ್ದೆ."

ಮಾಸ್ಟರು ಮೊದಲು ನಕ್ಕರು. ಆಮೇಲೆ, "ಇದು ನಕಾರಾತ್ಮಕ ಚಿಂತನೆ," ಎಂದರು. ಆಕೆ ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿ ದೀಪದ ಕೆಳಗೆ ಹಿಡಿದಳು. ಹಳೆ ಹೊಲಿಗೆ ಇದ್ದ ಜಾಗದಲ್ಲಿ ಸೂಜಿ ತೂತುಗಳ ಸಾಲು ನೆಟ್ಟಗೆ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಸಾಲು. ಹುಟ್ಟಿದಾಗಿನಿಂದ ಹೊಲಿಗೆಯ ನಡುವೆ ಬೆಳೆದ ಮನುಷ್ಯನಿಗೆ ಇನ್ನೇನು ಸಾಕ್ಷಿ ಬೇಕು? ಮಾಸ್ಟರು ಸ್ಟೂಲಿನ ಮೇಲೆ ಕುಸಿದರು.

"ಹಾಗಾದ್ರೆ ನನ್ನ ಕೈ ಹೋಯ್ತಾ?"

"ಅದೇ ನನಗೂ ಅರ್ಥ ಆಗ್ತಿಲ್ಲ. ಕತ್ತರಿಸಿದ ಅಂಚು ನೋಡಿದ್ರೆ ಒಂದು ನೂಲೂ ಆಚೀಚೆ ಆಗಿಲ್ಲ." ಆಕೆ ಅವರ ಕೊರಳಿನಿಂದ ಟೇಪು ತೆಗೆದು, ಪ್ಯಾಂಟಿನ ಸೊಂಟ ಅಳೆಯಲೆಂದು ಟೇಬಲ್ಲಿನ ಮೇಲೆ ಹಾಸಿದಳು. ಅದು ಅಂಚಿನ ಹೊಸ ಟೇಪಿನ ಪಕ್ಕದಲ್ಲೇ ಮಲಗಿತು. ಇಬ್ಬರೂ ಬಗ್ಗಿ ನೋಡಿದರು. ಎರಡರ ಆರಂಭ ಒಂದೇ ಕಡೆ ಇತ್ತು. ಆ ತುದಿಯಲ್ಲಿ ಹೊಸ ಟೇಪು ಮುಗಿದ ಮೇಲೂ ಅಪ್ಪನ ಟೇಪು ತನ್ನ ಪಾಡಿಗೆ ತಾನು ಮುಂದೆ ಹೋಗಿತ್ತು.

"ಅಣ್ಣನ ಟೇಪು," ಎಂದಳು ಹೆಂಡತಿ.

"ಅಪ್ಪನ ಟೇಪು," ಎಂದರು ಮಾಸ್ಟರು. ಕೈ ಹೋಗಿಲ್ಲ ಎಂಬ ಸಂತೋಷ, ಮಾನ ಹೋಗಲಿದೆ ಎಂಬ ಭಯ ಎರಡೂ ಒಟ್ಟಿಗೆ ಬಂದು, ಯಾವುದಕ್ಕೆ ಮೊದಲು ಅಳಬೇಕೆಂದು ತಿಳಿಯಲಿಲ್ಲ. "ನೀನು ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಹೋಗಿ ಆ ಮೆಟ್ಟಿಲ ಕೆಳಗೆ ಕೂತ್ಕೋತಿದ್ರಿ. ಅಲ್ಲಿ ನಿಮಗೆ ತಲೆ ಎತ್ತೋಕೂ ಜಾಗ ಇಲ್ಲ."

"ನಾಳೆ ನಾನು ಏನು ಹೇಳ್ಲಿ?"

ಆಕೆ ಯೋಚಿಸಿದಳು. "ಏನಾದ್ರೂ ಹೇಳಿ. ಯಾರ ಬಟ್ಟೇಲೂ ಒಳಗೆ ಏನೂ ಉಳಿದಿಲ್ಲ, ಒಂದು ಎಳೆ ಮೇಲೆ ನಿಂತಿದೆ. ಅವರು ಜೋರಾಗಿ ಉಸಿರು ಎಳ್ಕೊಳ್ದೇ ಇದ್ರೆ ಸಾಕು." ಹಾಗೆಂದು ಮೊಳೆಯಲ್ಲಿದ್ದ ಅವರ ಹೊಸ ಅಂಗಿಯನ್ನು ತೆಗೆದುಕೊಂಡು ಪರದೆಯ ಹಿಂದೆ ಹೋದಳು.

ಭಾನುವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು, ಅವರ ಪಕ್ಕ ಸಮವಸ್ತ್ರದಲ್ಲಿ ಟ್ರಾಫಿಕ್ ಪೊಲೀಸು, ಮುಂಜಾಗ್ರತೆಗೆ ನಿಂತೇ ಇದ್ದ ನೋಂದಣಿ ಸಾಹೇಬರು. ಬಾಗಿಲ ಬಳಿ ಕ್ಷೌರದವನು. ಅವನು ಮಾತ್ರ ತನ್ನ ಹಳೆಯ ದೊಗಳೆ ಅಂಗಿಯಲ್ಲಿ ಬಂದಿದ್ದ. ಭಾವ ವೇದಿಕೆಯ ಪಕ್ಕದಲ್ಲಿ ತನ್ನ ಅಂಗಡಿಯ ನಾಳೆಯ ಕೋಟು ಹಾಕಿಕೊಂಡು, ತೋಳು ಎರಡೂ ಸ್ವಲ್ಪ ಹೊರಚಾಚಿದ ಸ್ಥಿತಿಯಲ್ಲಿ ಕೂತಿದ್ದ. ಮಾಸ್ಟರು ಹೊಸ ಅಂಗಿಯಲ್ಲಿ ವೇದಿಕೆ ಏರಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಟ್ರಾಫಿಕ್ ಪೊಲೀಸು ಕೈ ಎತ್ತಲಾಗದೆ ತೊಡೆ ತಟ್ಟಿದ.

ಸತ್ಯ ಹೇಳಿಬಿಡುವುದೆಂದು ಮಾಸ್ಟರು ನಿರ್ಧರಿಸಿಕೊಂಡು ಬಂದಿದ್ದರು. ಕೊರಳ ಟೇಪು, ಟೇಬಲ್ಲಿನಿಂದ ಮೊಳೆ ಕಿತ್ತು ಬಿಡಿಸಿಕೊಂಡ ಟೇಪು ಎರಡೂ ಜೇಬಿನಲ್ಲಿದ್ದವು. ಆದರೆ ಗುರುಗಳು ಮೊದಲು ಎದ್ದರು.

"ಮಾತಿಗೆ ಮುಂಚೆ ಮನಸ್ಸು ಸಿದ್ಧವಾಗಲಿ. ಎಲ್ಲರೂ ಕಣ್ಣು ಮುಚ್ಚಿ. ಈಗ ನಿಧಾನವಾಗಿ, ಹೊಟ್ಟೆ ತುಂಬ, ಎದೆ ತುಂಬ ಉಸಿರು..."

"ಬೇಡ!" ಎಂದು ಮಾಸ್ಟರು ಹಾರಿ ಎದ್ದರು.

"ಬೇಡ ಎಂಬ ಪದ ಈ ಸಭಾಂಗಣದಲ್ಲಿ ಬಳಸುವುದಿಲ್ಲ," ಎಂದರು ಗುರುಗಳು ಪ್ರೀತಿಯಿಂದ. "ಎಳೆದುಕೊಳ್ಳಿ. ಇನ್ನೂ. ಇನ್ನೂ..."

ಸಭಿಕರು ನಂಬಿಗಸ್ತರು. ಪೂರ್ತಿ ಎಳೆದುಕೊಂಡರು.

ಮೊದಲು ಹೋದದ್ದು ಟ್ರಾಫಿಕ್ ಪೊಲೀಸಿನ ಎದೆಯ ಗುಂಡಿ. ಅದು ಗುರುಗಳ ಮೈಕಿಗೆ ಬಡಿದು ಇಡೀ ಸಭಾಂಗಣಕ್ಕೆ 'ಟಕ್' ಎಂದು ಕೇಳಿಸಿತು. ಆ ಸದ್ದಿಗೆ ಬೆಚ್ಚಿದ ಪ್ರಿನ್ಸಿಪಾಲರು ಬಗ್ಗಿದರು. ಬಗ್ಗಬಾರದಿತ್ತು. ಆಮೇಲೆ ಸಾಲುಸಾಲಾಗಿ, ಮುಂದಿನಿಂದ ಹಿಂದಕ್ಕೆ, ಹಳೆ ಬೆಡ್‌ಶೀಟು ಹರಿದಂತಹ ಸದ್ದು ಸಾಗಿಹೋಯಿತು. ಭಾವನ ಕೋಟಿನ ಎರಡು ತೋಳೂ ಭುಜದಿಂದ ಬೇರ್ಪಟ್ಟು ಮೊಣಕೈಗೆ ಇಳಿದವು. ನೋಂದಣಿ ಸಾಹೇಬರು ಎಷ್ಟೋ ದಿನದ ಮೇಲೆ ಮೊದಲ ಬಾರಿಗೆ ಕೂತುಬಿಟ್ಟರು.

ಗುರುಗಳು ಒಂದು ಕಣ್ಣು ತೆರೆದು ನೋಡಿ, ಎರಡನೆಯದನ್ನೂ ತೆರೆದು, ಅನುಭವಸ್ಥರಾದ್ದರಿಂದ ತಕ್ಷಣ ಹೇಳಿದರು: "ನೋಡಿದಿರಾ! ಹಳೆಯ ಬಂಧನಗಳು ಕಳಚಿದವು!"

ಹರಿದ ಬಟ್ಟೆ ಹಿಡಿದುಕೊಳ್ಳುವಾಗ ಬಿಡುವಾದ ಒಂದು ಕೈಯಿಂದಲೇ ಕೆಲವರು ಚಪ್ಪಾಳೆಗೆ ಯತ್ನಿಸಿದರು. "ಮಾಸ್ಟರನ್ನ ನೋಡಿ!" ಎಂದು ಪ್ರಿನ್ಸಿಪಾಲರು ಕೂಗಿದರು. "ಅವರದೊಂದೇ ಹರಿದಿಲ್ಲ! ಅದು ಸಿದ್ಧಿ!"

ಮಾಸ್ಟರು ತಮ್ಮ ಪಕ್ಕೆ ಮುಟ್ಟಿ ನೋಡಿಕೊಂಡರು. ಹಳೆ ಟೇಪಿನ ಅಳತೆಯ ಅಂಗಿ ಹರಿಯಲೇಬೇಕಿತ್ತು. ಬೆರಳಿಗೆ ಹೊಸ ಹೊಲಿಗೆ ಸಿಕ್ಕಿತು. ಒತ್ತೊತ್ತಾದ, ಸಣ್ಣ ಸಣ್ಣ ಕೈಹೊಲಿಗೆ. ಇಷ್ಟು ವರ್ಷ ಪರದೆಯ ಹಿಂದೆ ಕೆಮ್ಮುತ್ತ ಕೂತವಳು ನಿನ್ನೆ ಸಂಜೆ ಯಾರಿಗೂ ಹೇಳದೆ ಬಿಚ್ಚಿ ಹೊಲಿದದ್ದು. ಅವರ ಕಣ್ಣಲ್ಲಿ ನೀರು ಬಂತು. ಅಲ್ಲಿ ನಿಂತು ಸಿದ್ಧಿ ಎನಿಸಿಕೊಂಡು ಮನೆಗೆ ಹೋದರೆ ಆಕೆಯ ಮುಖ ನೋಡಲಾಗುವುದಿಲ್ಲ ಎನಿಸಿತು.

"ಇದು ಸಿದ್ಧಿ ಅಲ್ಲ ಸಾರ್," ಎಂದರು. "ನಮ್ಮ ಮನೆಯವಳು ಒಳಗಿನ ಬಟ್ಟೆ ಬಿಟ್ಟಿದಾಳೆ. ನಿಮ್ಮೆಲ್ಲರ ಬಟ್ಟೇಲೂ ಅವಳೇ ಬಿಟ್ಟಿದ್ದು. ಯಾರೂ ಸಣ್ಣ ಆಗಿಲ್ಲ. ನನ್ನ ಟೇಪು ಹಿಗ್ಗಿತ್ತು."

"ಎಂಥ ಮಾತು!" ಎಂದರು ಗುರುಗಳು. "ಟೇಪು ಹಿಗ್ಗಿತ್ತು! ಅಂದರೆ, ನಮ್ಮೊಳಗಿನ ಅಹಂಕಾರವೆಂಬ ಅಳತೆ..."

"ಟೇಪು ಅಂದ್ರೆ ಟೇಪೇ ಸ್ವಾಮಿ," ಎಂದು ಮಾಸ್ಟರು ಜೇಬಿನಿಂದ ಎರಡನ್ನೂ ತೆಗೆದು, ತಲೆಯ ಮೇಲೆ ಒಂದೇ ಎತ್ತರಕ್ಕೆ ಹಿಡಿದು ಕೆಳಗೆ ಬಿಟ್ಟರು. ಒಂದು ಮೊಣಕಾಲಿನ ಮೇಲೆ ನಿಂತಿತು, ಇನ್ನೊಂದು ಮೊಣಕಾಲು ದಾಟಿ ತೂಗಾಡಿತು. ಗುರುಗಳು ಕಿವಿಯ ಮೈಕು ಬಿಚ್ಚಿಕೊಂಡರು.

"ಅಂದ್ರೆ," ಎಂದರು ಪ್ರಿನ್ಸಿಪಾಲರು ಪ್ಯಾಂಟು ಹಿಡಿದುಕೊಂಡು, "ನಾನು ಸಣ್ಣ ಆಗಿಲ್ವಾ?"

"ಇಲ್ಲ ಸಾರ್."

"ಒಂಚೂರೂ?"

"ಸ್ವಲ್ಪ ಜಾಸ್ತಿನೇ ಆಗಿದೀರ."

ಬಾಗಿಲ ಬಳಿಯಿಂದ ಕ್ಷೌರದವನ ನೆಮ್ಮದಿಯ ಧ್ವನಿ ಕೇಳಿಸಿತು: "ನನ್ನ ಕಣ್ಣು ಸರಿ ಇದೆ."

ಸೋಮವಾರ ಬೆಳಿಗ್ಗೆ ಮಾಸ್ಟರು ಅಂಗಡಿ ತೆರೆದದ್ದು ಸಾಮಾನು ಕಟ್ಟಲು. ಹೆಂಡತಿ ಪರದೆ ಬಿಚ್ಚಿ ಮಡಚಿದಳು. ಭಾವ ಬೀಗ ಹಿಡಿದುಕೊಂಡು ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಆದರೆ ಒಳಗೆ ಬರಲು ಅವನಿಗೆ ದಾರಿ ಸಿಗಲಿಲ್ಲ. ಬಾಗಿಲಿನಿಂದ ಕ್ಷೌರದಂಗಡಿಯವರೆಗೆ ಜನ ನಿಂತಿದ್ದರು, ಪ್ರತಿಯೊಬ್ಬರ ಕಂಕುಳಲ್ಲೂ ಒಂದು ಬಟ್ಟೆಗಂಟು. ಹೊಡೆಯಲು ಬಂದಿದ್ದಾರೆ ಎಂದುಕೊಂಡು ಮಾಸ್ಟರು ಕಟಿಂಗ್ ಟೇಬಲ್ಲಿನ ಆಚೆ ಸರಿದರು.

ಪ್ರಿನ್ಸಿಪಾಲರು ಮೊದಲು ಒಳಬಂದು ಗಂಟನ್ನು ಟೇಬಲ್ಲಿನ ಮೇಲೆ ಇಟ್ಟರು.

"ನಿನ್ನೆ ನನಗೆ ಬಹಳ ಸಿಟ್ಟು ಬಂತು ಮಾಸ್ಟ್ರೇ. ಮನೆಗೆ ಹೋಗಿ ಯೋಚನೆ ಮಾಡ್ದೆ. ಈ ಪ್ಯಾಂಟು ಹಾಕ್ಕೊಂಡಷ್ಟು ದಿನ ನಾನು ಶಾಲೇಲಿ ಒಂದು ಮಗುವಿನ ಮೇಲೂ ಕೂಗಾಡಿಲ್ಲ. ನನ್ನನ್ನೇ ಯಾರೋ ಆಗೋ ಹಾಗೆ ನೋಡೋವಾಗ, ನಾನು ಅವರನ್ನ ಹೇಗೆ ಬೈಯ್ಲಿ?"

"ಕೂಗೋಕೆ ಉಸಿರು ಎಲ್ಲಿತ್ತು ಸಾರ್, ಪ್ಯಾಂಟು ಅಷ್ಟು ಬಿಗಿ ಇದ್ದಾಗ," ಎಂದ ಸಾಲಿನಲ್ಲಿದ್ದ ಟ್ರಾಫಿಕ್ ಪೊಲೀಸು.

"ಅದೂ ಇರಬಹುದು," ಎಂದು ಪ್ರಿನ್ಸಿಪಾಲರು ನ್ಯಾಯವಾಗಿ ಒಪ್ಪಿಕೊಂಡರು. "ಏನೇ ಆಗ್ಲಿ, ಹೊಸದೊಂದು ಹೊಲೀಬೇಕು. ತಗೊಳ್ಳಿ ಅಳತೆ. ನಾಳೆಯದೇ ತಗೊಳ್ಳಿ."

ಭಾವ ಬೀಗವನ್ನು ಜೇಬಿಗೆ ಹಾಕಿಕೊಂಡ. ಅವನ ಇನ್ನೊಂದು ಕೈಯಲ್ಲಿ ತೋಳಿಲ್ಲದ ಕೋಟು ಇತ್ತು. ಅದನ್ನು ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ, ಸಾಲಿನ ಕೊನೆಗೆ ಹೋಗಿ ನಿಂತ.

ಮಾಸ್ಟರು ಜೇಬಿನಿಂದ ಎರಡು ಟೇಪನ್ನೂ ತೆಗೆದರು. ಅಪ್ಪನದನ್ನು ಪ್ರಿನ್ಸಿಪಾಲರ ಗಂಟಿಗೆ ಸುತ್ತಿ ಕಟ್ಟಿದರು; ಆ ಕೆಲಸಕ್ಕೆ ಅದರ ಉದ್ದ ಸರಿಯಾಗಿತ್ತು. ಹೊಸ ಟೇಪನ್ನು ಪ್ರಿನ್ಸಿಪಾಲರ ಸೊಂಟಕ್ಕೆ ಸುತ್ತಿ, ಉಸಿರು ಬಿಡಿ ಎನ್ನದೆ ಸುಮ್ಮನೆ ಕಾದರು.

"ಇವತ್ತಿನದೇ ತಗೋತೀನಿ ಸಾರ್," ಎಂದರು. "ನಾಳೆಗೆ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರ್ತೀನಿ."

ಪರದೆ ಇಲ್ಲದ ಜಾಗದಲ್ಲಿ, ಎಲ್ಲರಿಗೂ ಕಾಣುವಂತೆ ಕೂತಿದ್ದ ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆಯೆತ್ತಿ ಪ್ರಿನ್ಸಿಪಾಲರ ಹೊಟ್ಟೆಯನ್ನು ಒಮ್ಮೆ ಇರುವಂತೆ ನೋಡಿದಳು, ಇನ್ನೊಮ್ಮೆ ಆಗಲಿರುವಂತೆ ನೋಡಿದಳು.

"ಎರಡು ಸಾಕಾಗಲ್ಲ ರೀ," ಎಂದಳು. "ನಾಲ್ಕು ಬಿಡಿ."